ಗಾಳಿ ಹಿಡಿದ ಪಂಪು

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ನೀರಿನ ಪಂಪು ರಿಪೇರಿ ಮಾಡುವವನನ್ನು ಬೀದಿಯವರು ಒಂದು ಸಲ ಪಂಪಣ್ಣ ಎಂದು ಕರೆದ ಮೇಲೆ ಆ ಹಳೆಯ ಹೆಸರು ಮೂಲೆ ಸೇರಿತು. ಈಗ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನೇ ಹಿಂದೆ ತಿರುಗಿ ಬೇರೆ ಯಾರನ್ನೋ ಹುಡುಕುತ್ತಾನೆ. ಕೆಟ್ಟು ಕೂತ ಪಂಪು ಎಂಥದ್ದೇ ಇರಲಿ, ಪಂಪಣ್ಣ ಅದರ ಹೊಟ್ಟೆಗೆ ಕಿವಿಯಿಟ್ಟು, ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿ, ರೋಗ ಇಂಥದ್ದೇ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದು ಯಾರಿಗೂ ನೆನಪಿಲ್ಲ. ಅವನಿಗಂತೂ ಇಲ್ಲವೇ ಇಲ್ಲ. ಮುಂದೆ ಎಡವಟ್ಟಾದದ್ದು ಇದರಿಂದಲೇ.

ಅಂಗಡಿಯಲ್ಲಿ ಕೆಲಸ ಎರಡು ಪಾಲು. ಕಬ್ಬಿಣ, ಗ್ರೀಸು, ನೀರು ಇವೆಲ್ಲ ಅವನದು. ತಾಮ್ರ ಹೆಂಡತಿಯದು. ಸುಟ್ಟುಹೋದ ಮೋಟರಿನ ಹೊಟ್ಟೆಯಿಂದ ಹಳೆಯ ತಂತಿ ಕಿತ್ತೆಸೆದು, ಹೊಸ ತಾಮ್ರದ ತಂತಿಯನ್ನು ಸುರುಳಿ ಸುರುಳಿಯಾಗಿ ಸುತ್ತಿ ಕೂರಿಸುವ ವೈಂಡಿಂಗ್ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಕಡೆಯಲ್ಲೇ ಇರಲಿಲ್ಲ. ಬೀದಿಗೆ ಅವಳು ವೈಂಡಿಂಗ್ ಅಕ್ಕ. ದೊಡ್ಡ ದೊಡ್ಡ ಕಾರ್ಖಾನೆಯವರು ಕೂಡ ಮೋಟರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಅವಳ ಮುಂದೆ ಇಟ್ಟು ಕಾಯುತ್ತಿದ್ದರು. ಪಂಪಣ್ಣನಿಗೆ ಇದರಿಂದ ಹೊಟ್ಟೆಕಿಚ್ಚೇನೂ ಇರಲಿಲ್ಲ, ಬದಲಿಗೆ ಬಂದವರಿಗೆಲ್ಲ ಅವಳು ಸುತ್ತಿದ ಸುರುಳಿ ತೋರಿಸಿ, ತಾನೇ ಸುತ್ತಿದವನಂತೆ ಮೀಸೆ ತಿರುವುತ್ತಿದ್ದ.

ಅಂಥವಳ ಕಣ್ಣಿಗೆ ಮಂಜು ಕವಿಯಿತು. ಆ ಮಂಜಿಗೂ ಒಂದು ಹೊತ್ತುಗೊತ್ತು ಇದ್ದದ್ದೇ ವಿಚಿತ್ರ. ಬೆಳಗ್ಗೆ ಎದ್ದಾಗ ದಟ್ಟ, ಮಧ್ಯಾಹ್ನಕ್ಕೆ ತೆಳು, ಸಂಜೆಗೆ ಎಲ್ಲ ತಿಳಿ. ಅವಳು ಯಾರಿಗೂ ತುಟಿಪಿಟಿಕ್ಕೆನ್ನದೆ ತನ್ನ ಕೆಲಸವನ್ನೆಲ್ಲ ಮಧ್ಯಾಹ್ನದಾಚೆಗೆ ತಳ್ಳಿದಳು. "ಬೆಳಗ್ಗೆ ತಂತಿ ತಣ್ಣಗಿರುತ್ತೆ, ಬಗ್ಗಲ್ಲ" ಎಂದು ಗಂಡನಿಗೆ ಒಂದು ನೆಪ ಹೇಳಿದಳು. ತಾಮ್ರದ ವಿಷಯದಲ್ಲಿ ಅವಳ ಮಾತಿಗೆ ಎದುರು ಮಾತಿಲ್ಲವಾದ್ದರಿಂದ ಪಂಪಣ್ಣ ಅದನ್ನು ನಂಬಿದ್ದಷ್ಟೇ ಅಲ್ಲ, ಇನ್ನಿಬ್ಬರು ಮೆಕ್ಯಾನಿಕ್ಕುಗಳಿಗೆ ಬುದ್ಧಿಯನ್ನೂ ಹೇಳಿಬಂದ.

ಗುಟ್ಟು ರಟ್ಟಾದದ್ದು ಒಂದು ಬೆಳಗ್ಗೆ. ಪಂಪಣ್ಣ ಮುಖ ತೊಳೆದು ಬಚ್ಚಲಿನಿಂದ ಬರುವಾಗ ಅವಳು ಚಹಾ ಲೋಟ ಹಿಡಿದು ಗೋಡೆಯ ಎದುರು ನಿಂತಿದ್ದಳು. ಗೋಡೆಯ ಮೊಳೆಗೆ ಅವನ ಕೆಲಸದ ಅಂಗಿ ತೂಗುಹಾಕಿತ್ತು. ಅವಳು ಲೋಟವನ್ನು ಆ ಅಂಗಿಯ ಕಡೆಗೆ ಚಾಚಿ "ತಗೊಳ್ಳಿ" ಎಂದಳು. ಅಂಗಿ ತಗೊಳ್ಳಲಿಲ್ಲ. "ಬೆಳಬೆಳಗ್ಗೆ ಏನು ಮುನಿಸು? ನಿನ್ನೆ ಅಂದಿದ್ದಕ್ಕೆ ಇನ್ನೂ ಗಂಟು ಮುಖಾನಾ?" ಎಂದಳು. ಅಂಗಿ ಅದಕ್ಕೂ ಮಾತಾಡಲಿಲ್ಲ. ಹಿಂದೆ ನಿಂತಿದ್ದ ಪಂಪಣ್ಣ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಬೆಚ್ಚಿ ತಿರುಗಿದಾಗ ಅವಳ ಕಣ್ಣು ಅವನ ಮೇಲೆ ನಿಲ್ಲದೆ ಅತ್ತಿತ್ತ ತಡಕಾಡಿದ್ದನ್ನು ಕಂಡು ನಗು ಬಿಟ್ಟು ಅವಳ ಕೈಯಿಂದ ಲೋಟ ತೆಗೆದು ಕೆಳಗಿಟ್ಟ.

"ಎಷ್ಟು ದಿನದಿಂದ?" ಎಂದು ಕೇಳಿದ.

"ನಿಮಗಿಂತ ಆ ಅಂಗೀನೇ ಚೆನ್ನಾಗಿ ಕೇಳಿಸ್ಕೊಳ್ತಿತ್ತು" ಎಂದು ಅವಳು ಮಾತು ಹಾರಿಸಲು ನೋಡಿದಳು. ಆಮೇಲೆ ಕುಸಿದು ಕೂತು, "ಸುತ್ತೋ ಕೆಲಸ ಬಿಟ್ಟು ನನಗೆ ಇನ್ನೇನು ಬರುತ್ತೆ ಹೇಳಿ. ಅದೊಂದು ಹೋಗದಿದ್ರೆ ಸಾಕು" ಎಂದಳು.

ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆ. ಜೊತೆಗೆ ನಾದಿನಿಯೂ ಹೊರಟಳು. ಅಕ್ಕನಿಗಿಂತ ಬಹಳ ಕಿರಿಯಳಾದ ಆಕೆ ಬಸ್ ಕಂಡಕ್ಟರ್. ಗದ್ದಲದ ಬಸ್ಸಿನ ಹಿಂಬಾಗಿಲಿನಿಂದ ಮುಂದಿನ ಡ್ರೈವರಿಗೆ ಕೇಳಿಸುವಂತೆ ಕೂಗಿ ಕೂಗಿ ಅವಳಿಗೆ ಪಿಸುಮಾತು ಎನ್ನುವುದೇ ಮರೆತುಹೋಗಿತ್ತು. ಅವಳು ಗುಟ್ಟು ಹೇಳಿದರೆ ಊರಿಗೆ ಡಂಗುರ ಸಾರಿದ ಹಾಗೆ. ಭಾವನನ್ನು ಗೋಳು ಹೊಯ್ದುಕೊಳ್ಳುವುದರಲ್ಲಿ ಮಾತ್ರ ಅವಳಿಗೆ ಒಂದು ದಿನವೂ ರಜೆಯಿಲ್ಲ.

ಕಣ್ಣಿನ ಡಾಕ್ಟರು ಎಳೆಯ ವಯಸ್ಸಿನ ಚುರುಕು ಹೆಂಗಸು. ಯಂತ್ರದಿಂದ ಬೆಳಕಿನ ಗೆರೆ ಹಾಯಿಸಿ ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿ, ಕುರ್ಚಿ ಹಿಂದೆ ತಳ್ಳಿ ಹೇಳತೊಡಗಿದರು. "ನೋಡಿ ಅಮ್ಮ, ಕಣ್ಣಿನ ಎದುರಿಗೆ ಒಂದು ಗಾಜಿನಂಥ ಪದರ ಇರುತ್ತೆ, ಕಾರ್ನಿಯಾ ಅಂತ. ಅದಕ್ಕೆ ಒಳಗಡೆಯಿಂದ ಸದಾ ನೀರು ಜಿನುಗ್ತಾ ಇರುತ್ತೆ. ನೀರು ಅಲ್ಲೇ ನಿಂತ್ರೆ ಪದರ ಊದಿಕೊಂಡು ಮಬ್ಬಾಗುತ್ತೆ. ಹಂಗಾಗಬಾರದು ಅಂತ ಅದರ ಬೆನ್ನಿಗೆ ಒಂದೇ ಒಂದು ಸಾಲು ಜೀವಕೋಶಗಳಿವೆ. ಆ ಒಂದೊಂದು ಕೋಶದ ಪೊರೆಯಲ್ಲೂ ಎಣಿಸೋಕೆ ಆಗದಷ್ಟು ಪಂಪುಗಳು."

ಅಲ್ಲಿಯವರೆಗೆ ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನು ದಿಕ್ಕು ತೋಚದವನಂತೆ ನೋಡುತ್ತಿದ್ದ ಪಂಪಣ್ಣನ ಕಿವಿ ನೆಟ್ಟಗಾಯಿತು.

"ಏನಂದ್ರಿ ಮೇಡಂ? ಪಂಪಾ?"

"ಹೌದು, ಪಂಪು."

"ಕಣ್ಣಲ್ಲಾ?"

"ಕಣ್ಣಲ್ಲೇ."

"ಎಷ್ಟು ಎಚ್‌ಪಿ?"

ಹೆಂಡತಿ ಮೇಜಿನಡಿ ಅವನ ಕಾಲು ತುಳಿದಳು. ಡಾಕ್ಟರು ಮಾತ್ರ ನಕ್ಕು, "ನಿಮ್ಮ ಯಜಮಾನರಿಗೆ ಪಂಪಿನ ಕೆಲಸ ಗೊತ್ತಾ?" ಎಂದರು.

"ಗೊತ್ತಿರೋದು ಅದೊಂದೇ" ಎಂದಳು ನಾದಿನಿ. ಹೊರಗಿನ ಸಾಲಿನಲ್ಲಿ ಕೂತಿದ್ದವರೂ ಅದನ್ನು ಕೇಳಿಸಿಕೊಂಡು ನಕ್ಕರು.

ಡಾಕ್ಟರಿಗೆ ಈಗ ಹುರುಪು ಬಂತು. ಆ ಕೋಶಗಳು ವಯಸ್ಸಾದಂತೆ ಕೆಲವರಲ್ಲಿ ಬೇಗ ಸಾಯುತ್ತವೆ, ಸತ್ತರೆ ಆ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ, ಉಳಿದವು ಸಾಲದೆ ನೀರು ನಿಲ್ಲುತ್ತದೆ ಎಂದು ವಿವರಿಸಿದರು. ರಾತ್ರಿಯಿಡೀ ರೆಪ್ಪೆ ಮುಚ್ಚಿರುವುದರಿಂದ ನೀರು ಆರುವುದಿಲ್ಲ, ಅದಕ್ಕೇ ಬೆಳಗ್ಗೆ ಮಂಜು ಹೆಚ್ಚು. ಹಗಲಿಡೀ ಕಣ್ಣು ಬಿಟ್ಟಿದ್ದರೆ ಗಾಳಿಗೆ ಅಷ್ಟಿಷ್ಟು ಆರಿ ತಿಳಿಯಾಗುತ್ತದೆ.

"ಅಂದ್ರೆ ಮೇಡಂ," ಎಂದು ಪಂಪಣ್ಣ ಗಂಟಲು ಸರಿಮಾಡಿಕೊಂಡ, "ನೀರು ಒಳಗೆ ಜಿನುಗೋಕೆ ಯಾರ ಹಂಗೂ ಬೇಡ. ವಾಪಸ್ ಕಳಿಸೋಕೆ ಕರೆಂಟು ಬೇಕು. ಅಷ್ಟೇ ತಾನೆ?"

"ಎಷ್ಟು ಚೆನ್ನಾಗಿ ಹೇಳಿದ್ರಿ! ಅದೇ ಕಥೆ. ಇಳಿಜಾರಿಗೆ ಹೋಗೋದು ಪುಕ್ಕಟೆ, ಏರಿಗೆ ಹತ್ತಿಸೋದಕ್ಕೆ ಶಕ್ತಿ ಖರ್ಚಾಗುತ್ತೆ. ಕೋಶಕ್ಕೆ ಹೊರಗಿಂದ ಯಾರೂ ಕರೆಂಟು ಕೊಡಲ್ಲ. ನಾವು ತಿಂದಿದ್ದು, ಉಸಿರಾಡಿದ್ದು, ಅದರಲ್ಲೇ ತನ್ನ ಶಕ್ತಿ ತಾನೇ ಮಾಡ್ಕೊಳ್ಳುತ್ತೆ."

ಡಾಕ್ಟರ ಬಾಯಿಂದ ಚೆನ್ನಾಗಿ ಹೇಳಿದ್ರಿ ಎನ್ನಿಸಿಕೊಂಡ ಮೇಲೆ ಪಂಪಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನೊಳಗೆ ಒಬ್ಬ ಅರ್ಧ ಡಾಕ್ಟರು ಎದ್ದು ಕುಳಿತ. ಡಾಕ್ಟರು ಮುಂದುವರಿಸಿ ಉಪ್ಪಿನ ಬಗ್ಗೆ ಏನೋ ಹೇಳಿದರು. ಅದು ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಪಂಪಿನ ವಿಷಯದಲ್ಲಿ ತನಗೆ ಇನ್ಯಾರೂ ಪಾಠ ಹೇಳುವ ಅಗತ್ಯವಿಲ್ಲ ಎಂದುಕೊಂಡು ಅವನು ಆಗಲೇ ಮನಸ್ಸಿನಲ್ಲಿ ಹೆಂಡತಿಯ ಕಣ್ಣಿಗೆ ಪೈಪು ಜೋಡಿಸುತ್ತಿದ್ದ.

ಪರಿಹಾರ ಒಂದೇ ಇತ್ತು. ತೀರಿಕೊಂಡವರೊಬ್ಬರು ದಾನ ಮಾಡಿದ ಕಣ್ಣಿನಿಂದ ಆ ಕೋಶಗಳ ತೆಳುಪದರವನ್ನಷ್ಟೇ ಬಿಡಿಸಿ ಇವಳ ಕಣ್ಣಿಗೆ ಹಚ್ಚುವುದು. ಮೊದಲು ಬಲಗಣ್ಣು. ಅದು ಹಿಡಿದರೆ ಎಡಗಣ್ಣು. ಎಲ್ಲ ಸಲವೂ ಹಿಡಿಯುತ್ತದೆಂದು ಮಾತು ಕೊಡಲಾಗದು ಎಂದೂ ಡಾಕ್ಟರು ಹೇಳಿದರು. ಪದರ ಸಿಕ್ಕ ದಿನ ಫೋನು ಬಂತು. ಆ ದಿನ ಬಸ್ಸಿನಲ್ಲಿ ಹೋಗುವಾಗ ಹೆಂಡತಿ ಒಮ್ಮೆಲೇ, "ಇವತ್ತು ಯಾರ ಮನೇಲೋ ಅಳ್ತಿರ್ತಾರೆ ಅಲ್ವಾ?" ಎಂದಳು. ಪಂಪಣ್ಣ ಕಿಟಕಿಯ ಕಡೆ ತಿರುಗಿದ. ಯಾರೋ ಏನೋ, ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅಷ್ಟು ದುಃಖದ ನಡುವೆ ಇನ್ನೊಬ್ಬರ ಕಣ್ಣನ್ನು ನೆನೆದ ಆ ಮನೆಯವರನ್ನು ನೆನೆದು ಅವನ ಎದೆ ತುಂಬಿ ಬಂತು. ಕಿಟಕಿಯಾಚೆ ನೋಡುತ್ತ ಕೈಯೆತ್ತಿ ಮುಗಿದ. ಎದುರಿನ ಬಸ್ಸಿನಲ್ಲಿ ಕೂತಿದ್ದವರೊಬ್ಬರು ತನಗೇ ಎಂದುಕೊಂಡು ತಿರುಗಿ ಮುಗಿದರು.

ಮಾರನೆಯ ಬೆಳಗ್ಗೆ ಆಪರೇಷನ್ ಮುಗಿಯಿತು. ಮಂಚದ ಗಾಲಿಗಳು ಬಾಗಿಲಿನಿಂದ ಹೊರಗೆ ಬರುತ್ತಿದ್ದಂತೆ ನಾದಿನಿ ಅಭ್ಯಾಸಬಲದಿಂದ "ದಾರಿ ಬಿಡಿ, ದಾರಿ ಬಿಡಿ, ರೈಟ್, ಹೋಗ್ಲಿ!" ಎಂದು ಕೂಗಿ ಅಕ್ಕನನ್ನು ವಾರ್ಡಿಗೆ ಮುಟ್ಟಿಸಿದಳು. ಕಣ್ಣಿನ ಮೇಲೆ ತೂತುಗಳಿದ್ದ ಪ್ಲಾಸ್ಟಿಕ್ ಬಟ್ಟಲು ಅಂಟಿಸಿದ್ದರು. ಡಾಕ್ಟರು ಬಂದು, ದಿಂಬಿಲ್ಲದೆ ಅಂಗಾತ ಮಲಗಿರಬೇಕು, ಮುಖ ನೇರ ಸೂರಿಗೆ, ಊಟಕ್ಕೂ ಬಚ್ಚಲಿಗೂ ಬಿಟ್ಟರೆ ಏಳುವಂತಿಲ್ಲ, ಮಗ್ಗುಲಾಗುವಂತಿಲ್ಲ ಎಂದು ಹೇಳಿ ಅದರ ಕಾರಣವನ್ನೂ ಅಕ್ಕತಂಗಿಯರಿಗೆ ವಿವರಿಸಿ ಹೋದರು. ಅಷ್ಟು ಹೊತ್ತೂ ಪಂಪಣ್ಣ ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿದ್ದ. ಬಂದಾಗ ಅವನಿಗೆ ತಿಳಿದದ್ದು ಇಷ್ಟೇ, ಅವಳು ಅಲ್ಲಾಡಬಾರದು.

ಮಧ್ಯಾಹ್ನ ನಾದಿನಿ ಊಟ ತರಲು ಹೋದಳು. ಹೆಂಡತಿಗೆ ಜೊಂಪು ಹತ್ತಿತ್ತು. ಪಾಳಿ ಬದಲಿಸುತ್ತಿದ್ದ ಇಬ್ಬರು ನರ್ಸುಗಳು ಬಾಗಿಲ ಹತ್ತಿರ ಮಾತಾಡಿಕೊಂಡದ್ದು ಪಂಪಣ್ಣನ ಕಿವಿಗೆ ಬಿತ್ತು.

"ಕಿಟಕಿ ಪಕ್ಕದವರ ಕಣ್ಣಲ್ಲಿ ಗಾಳಿ ಇನ್ನೂ ಹಂಗೇ ತುಂಬಿದೆ."

"ಇರಲಿ, ಅದಕ್ಕೇನೂ ಮಾಡೋದು ಬೇಡ."

ಪಂಪಣ್ಣ ದಡಕ್ಕನೆ ಎದ್ದು ನಿಂತ. ಕಿಟಕಿ ಪಕ್ಕದ ಮಂಚ ತನ್ನ ಹೆಂಡತಿಯದೇ. ನೀರೆತ್ತುವ ಪಂಪಿಗೆ ವೈರಿ ಎಂದರೆ ಗಾಳಿ. ಪೈಪಿನೊಳಗೆ ಒಂದು ಗುಕ್ಕು ಗಾಳಿ ಸಿಕ್ಕಿಕೊಂಡರೆ ಮೋಟರು ಎಷ್ಟೇ ಗಿರ್ರೆಂದು ತಿರುಗಿದರೂ ಹನಿ ನೀರು ಬರುವುದಿಲ್ಲ, ಕೊನೆಗೆ ಬಿಸಿಯಾಗಿ ಪಂಪೇ ಸುಟ್ಟುಹೋಗುತ್ತದೆ. ಗಾಳಿ ಹಿಡಿದ ಪಂಪುಗಳ ಗಾಳಿ ಬಿಡಿಸುವುದೇ ಅವನ ಅರ್ಧ ಬಾಳಿನ ಕೆಲಸ. ಇಲ್ಲಿ ನೋಡಿದರೆ ಹೊಚ್ಚ ಹೊಸ ಪಂಪು ಕೂರಿಸಿ, ಒಳಗೆ ಗಾಳಿ ಬಿಟ್ಟು, ಇರಲಿ ಎನ್ನುತ್ತಿದ್ದಾರೆ! ಡಾಕ್ಟರನ್ನು ಹುಡುಕಿಕೊಂಡು ಓಡಿದ. ಅವರು ಮತ್ತೊಂದು ಆಪರೇಷನ್ನಿನೊಳಗಿದ್ದರು. ನರ್ಸನ್ನು ಕೇಳಿದರೆ, "ಗಾಳಿ ಇರಬೇಕು, ನೀವು ಹೋಗಿ ಕೂತ್ಕೊಳ್ಳಿ" ಎಂದಳು. ಇವಳಿಗೆ ಪಂಪಿನ ತಲೆಬುಡ ಗೊತ್ತಿಲ್ಲ ಎಂದುಕೊಂಡ.

ಹಿಂದಿರುಗಿ ಬಂದು ಹೆಂಡತಿಯ ಕಿವಿಯ ಹತ್ತಿರ ಬಾಗಿದ. "ಏಳೇ ಸ್ವಲ್ಪ. ನಿನ್ನ ಪಂಪು ಗಾಳಿ ಹಿಡ್ಕೊಂಡಿದೆ."

"ಡಾಕ್ಟ್ರು ಏಳ್ಬೇಡ ಅಂದಿದಾರಲ್ರೀ. ಗಾಳಿನೂ ಅವರೇ..."

"ಅವರು ಕಣ್ಣಿನ ಡಾಕ್ಟ್ರು. ನಾನು ಪಂಪಿನ ಡಾಕ್ಟ್ರು. ನನ್ನ ಮೇಲೆ ನಂಬಿಕೆ ಇದೆಯೋ ಇಲ್ವೋ?"

ಈ ಪ್ರಶ್ನೆಗೆ ಅವಳ ಹತ್ತಿರ ಇದ್ದದ್ದು ಒಂದೇ ಉತ್ತರ. ಪಂಪಿನ ವಿಷಯದಲ್ಲಿ ಗಂಡನ ಮಾತು ಸುಳ್ಳಾದದ್ದನ್ನು ಅವಳೂ ಕಂಡಿರಲಿಲ್ಲ. ಎದ್ದು ಕುಳಿತಳು. ಪಂಪಣ್ಣ ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದ, ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಆಮೇಲೆ ಹಳೆಯ ಪಂಪುಗಳಿಗೆ ತಟ್ಟುವ ಹಾಗೆ ಬೆರಳ ಗಂಟಿನಿಂದ ಅವಳ ನೆತ್ತಿಗೆ ಮೃದುವಾಗಿ ತಟ್ಟಿದ. ಅವಳಿಗೆ ಕಚಗುಳಿಯಾಗಿ ನಗು ಬಂತು. "ಒಳಗೆ ಏನೋ ಒಂದು ಗೆರೆ ಅಲ್ಲಾಡ್ತಿದೆ ರೀ" ಎಂದಳು.

"ಅದೇ ಗಾಳಿ. ಹೊರಡ್ತಾ ಇದೆ, ತಡ್ಕೋ" ಎಂದ ಪಂಪಣ್ಣ ಗೆದ್ದವನ ದನಿಯಲ್ಲಿ.

ಬುತ್ತಿ ಹಿಡಿದು ಒಳಗೆ ಬಂದ ನಾದಿನಿ ಇದನ್ನು ಕಂಡು ಹಾಕಿದ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು, ಏಳಬಾರದವರೂ ಎದ್ದರು. "ಭಾವಾ! ಏನ್ ಮಾಡ್ತಿದೀರಾ?"

"ಗಾಳಿ ಹಿಡಿದಿದೆ ಕಣೇ, ಬಿಡಿಸ್ತಾ ಇದೀನಿ!"

"ಗಾಳಿ ಹಿಡಿದಿರೋದು ಅಕ್ಕಂಗಲ್ಲ, ನಿಮಗೆ! ಆ ಗಾಳೀನ ಡಾಕ್ಟ್ರೇ ಬೇಕೂಂತ ತುಂಬಿದಾರೆ! ಅದೇ ಪದರಾನ ಮೇಲಕ್ಕೆ ಒತ್ತಿ ಹಿಡ್ಕೊಂಡಿರೋದು!"

ಪಂಪಣ್ಣನ ಕೈ ಹೆಂಡತಿಯ ನೆತ್ತಿಯ ಮೇಲೆಯೇ ನಿಂತುಬಿಟ್ಟಿತು. ಅವಳನ್ನು ಮೆಲ್ಲಗೆ ಮಲಗಿಸಿ, ಮಂಚದ ಕಾಲ ಬಳಿ ಹೋಗಿ ನಿಂತ. ಡಾಕ್ಟರು ಬಂದು ಅವಳನ್ನು ಯಂತ್ರದ ಕೋಣೆಗೆ ಕರೆದೊಯ್ದು ನೋಡುವಷ್ಟು ಹೊತ್ತು ಅವನು ಬಾಗಿಲಲ್ಲೇ ನಿಂತಿದ್ದ. ಇದುವರೆಗೆ ಯಾರದೋ ಪಂಪು ಕೆಡಿಸಿದ್ದರೆ ಬೇರೆಯದು ತಂದುಕೊಡುತ್ತಿದ್ದ. ಇದನ್ನು ಎಲ್ಲಿಂದ ತರುವುದು? ಆ ಅಪರಿಚಿತರ ಮನೆಯ ಬಾಗಿಲಿಗೆ ಇನ್ನೊಮ್ಮೆ ಹೋಗಲಾಗುತ್ತದೆಯೇ?

"ಒಂದು ಅಂಚು ಬಿಟ್ಟುಕೊಂಡಿದೆ" ಎಂದರು ಡಾಕ್ಟರು. "ಏಳದೇ ಇದ್ದೋರಲ್ಲೂ ಒಂದೊಂದು ಸಲ ಹೀಗಾಗುತ್ತೆ. ಇನ್ನೊಂದು ಸಲ ಗಾಳಿ ತುಂಬಿ ಒತ್ತಿಸೋಣ. ಹಿಡಿಯುತ್ತಾ ಅನ್ನೋದು ಕಾದು ನೋಡಬೇಕು." ಆಮೇಲೆ ಕುರ್ಚಿ ತಿರುಗಿಸಿ ಪಂಪಣ್ಣನನ್ನು ನೋಡಿದರು. "ಅಲ್ಲಾ ಯಜಮಾನ್ರೇ, ಯಾಕೆ ಎಬ್ಬಿಸಿದ್ರಿ?"

"ಗಾಳಿ ಹಿಡಿದ ಪಂಪು ನೀರೆತ್ತಲ್ಲ ಮೇಡಂ" ಎಂದ ಪಂಪಣ್ಣ. ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

ಡಾಕ್ಟರು ಬೈಯಬೇಕೆಂದು ತೆರೆದ ಬಾಯಲ್ಲಿ ನಕ್ಕುಬಿಟ್ಟರು. "ತಪ್ಪು ನಂದೂ ಇದೆ. ಪಂಪು ಅನ್ನೋ ಪದ ನಿಮ್ಮೆದುರಿಗೆ ಹಂಗೇ ಬಿಟ್ಟುಹೋಗಬಾರದಿತ್ತು. ಕೂತ್ಕೊಳ್ಳಿ. ಈ ಪಂಪು ನೀರನ್ನ ಎಳೆಯೋದೇ ಇಲ್ಲ. ಅದು ದಬ್ಬೋದು ಉಪ್ಪನ್ನ."

"ಉಪ್ಪನ್ನ?"

"ಸೌತೆಕಾಯಿ ಹೋಳಿಗೆ ಉಪ್ಪು ಸವರಿ ಇಟ್ರೆ ಏನಾಗುತ್ತೆ?"

"ನೀರು ಬಿಡುತ್ತೆ."

"ಉಪ್ಪು ಇರೋ ಕಡೆಗೆ ನೀರು ತಾನಾಗೇ ಹೋಗುತ್ತೆ. ಇಲ್ಲೂ ಅಷ್ಟೇ. ಕೋಶದ ಪೊರೆ ಅಂದ್ರೆ ಸೋಪಿನ ಗುಳ್ಳೆಗಿಂತ ತೆಳು. ಅದರ ತುಂಬ ಬಾಗಿಲುಗಳು. ಒಂದು ಥರದ ಬಾಗಿಲು ಸೋಡಿಯಂ ಕಣಗಳನ್ನ ಮೂರು ಆಚೆ ಕಳಿಸಿ, ಪೊಟ್ಯಾಸಿಯಂ ಕಣಗಳನ್ನ ಎರಡು ಒಳಗೆ ತಗೊಳ್ಳುತ್ತೆ. ಎರಡನ್ನೂ ಅವು ಆಗಲೇ ಜಾಸ್ತಿ ಇರೋ ಕಡೆಗೇ ನುಗ್ಗಿಸಬೇಕು. ಸುಮ್ಮನೆ ಆಗೋ ಕೆಲಸ ಅಲ್ಲ. ಪ್ರತಿ ಸಲಕ್ಕೂ ಒಂದು ಚೂರು ಶಕ್ತಿ ಖರ್ಚು ಮಾಡ್ಬೇಕು. ಆ ಜೋರಿನಲ್ಲೇ ಮಿಕ್ಕ ಉಪ್ಪೂ ಸರಿಯುತ್ತೆ, ಅದರ ಹಿಂದೆ ನೀರು ಹೊರಡುತ್ತೆ."

"ನಮ್ಮ ಬಸ್ಸು!" ಎಂದು ನಾದಿನಿ ಚಪ್ಪಾಳೆ ತಟ್ಟಿದಳು. "ತುಂಬಿದ ಸ್ಟಾಪಿಗೆ ಮೂರು ಜನಾನ ನೂಕಿ ಇಳಿಸು, ತುಂಬಿದ ಬಸ್ಸಿಗೆ ಇಬ್ಬರನ್ನ ಹತ್ತಿಸು, ಒಂದು ಟಿಕೆಟ್ ಹರಿ, ರೈಟ್! ಮೈಯೆಲ್ಲ ಬೆವರು. ಯಾರೂ ತಾವಾಗೇ ಆ ಕಡೆ ಹೋಗಲ್ಲ ಮೇಡಂ, ನಾನು ಕಂಡಿದೀನಿ."

"ಅದೇ! ಟಿಕೆಟ್ ಹರಿಯೋದು ಅಂತೀರಲ್ಲ, ಥೇಟ್ ಹಾಗೇ" ಎಂದು ಡಾಕ್ಟರೂ ಮೇಜು ತಟ್ಟಿದರು. "ಶಕ್ತಿ ತುಂಬಿಟ್ಟುಕೊಂಡಿರೋ ಒಂದು ಅಣು ಇದೆ, ಎಟಿಪಿ ಅಂತ. ಅದರ ತುದಿ ಹರಿದಾಗಲೇ ಬಾಗಿಲು ತಿರುಗೋದು."

ಕೋಣೆಯ ಮೂಲೆಯ ಮಂಚದಲ್ಲಿ ಮಲಗಿದಲ್ಲಿಂದಲೇ ಹೆಂಡತಿ ಕೇಳಿದಳು. "ಪದರಾನ ಎರಡು ಹೊಲಿಗೆ ಹಾಕಿ ಕೂರಿಸಿದ್ರೆ ಈ ತಾಪತ್ರಯನೇ ಇರ್ತಿರಲಿಲ್ವಲ್ಲ?"

"ಹೊಲಿಗೆ ಬೇಕಾಗಲ್ಲ ಅಮ್ಮ. ಶುರುವಿಗೆ ಗಾಳಿ ಒತ್ತಿ ಹಿಡಿದಿರುತ್ತೆ. ಆಮೇಲೆ ಪಂಪುಗಳು ಕೆಲಸಕ್ಕೆ ನಿಂತ್ರೆ ನಡುವೆ ಇರೋ ನೀರನ್ನೆಲ್ಲ ತೆಗೀತವೆ, ಪದರ ತಾನೇ ಮೇಲಕ್ಕೆ ಅಂಟಿಕೊಂಡುಬಿಡುತ್ತೆ. ಅದು ಹಿಡಿದು ನಿಲ್ಲೋದೇ ಕೆಲಸ ಮಾಡ್ತಾ."

ಹೆಂಡತಿ ಕೈ ಚಾಚಿ ಗಾಳಿಯಲ್ಲಿ ತಡಕಿದಳು. ಪಂಪಣ್ಣ ಆ ಕೈ ಹಿಡಿದುಕೊಂಡ. "ನನ್ನ ಯಜಮಾನರನ್ನ ಬೈಬೇಡಿ ಮೇಡಂ. ಅವರು ಹೇಳಿದ್ರು ಅಂತ ಎದ್ದಿದ್ದು ನಾನು" ಎಂದಳು ಅವಳು. ಬೈದಿದ್ದರೆ ಪಂಪಣ್ಣ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲಾಗದೆ ತೋಳಿನಿಂದ ಮುಖ ಒರೆಸಿಕೊಂಡ.

ಮತ್ತೆ ಗಾಳಿ ತುಂಬಿದರು. ಇನ್ನು ನೋಡಬೇಕಿತ್ತು ಪಂಪಣ್ಣನ ಕಾವಲನ್ನು! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಎಂದರೆ ಕಡಿಮೆಯೇ. ಹೆಂಡತಿಯ ಮೂಗು ಸೂರಿನ ಕಡೆಯಿಂದ ಒಂದೆಳೆ ಅತ್ತಿತ್ತ ಸರಿದರೆ "ಹ್ಞಾ, ಹ್ಞಾ" ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನಿಗೆ ತನ್ನ ಕಣ್ಣಳತೆಯ ಮೇಲೂ ನಂಬಿಕೆ ಹೋಯಿತು. ಕೆಲಸದ ಚೀಲಕ್ಕೆ ಕೈ ಹಾಕಿ ರಸಮಟ್ಟ ಹೊರತೆಗೆದ. ಪಂಪು ಕೂರಿಸುವಾಗ ನೆಲ ಸಮವಿದೆಯೋ ಇಲ್ಲವೋ ನೋಡುವ ಗಾಜಿನ ಕೊಳವೆ ಅದು, ಒಳಗಿನ ಗಾಳಿಯ ಗುಳ್ಳೆ ನಡುವೆ ನಿಂತರೆ ಎಲ್ಲ ಸಮ. ಅದನ್ನು ಒರೆಸಿ ಹೆಂಡತಿಯ ಹಣೆಯ ಮೇಲಿಟ್ಟ.

"ಏನ್ರೀ ಇದು, ತಣ್ಣಗಿದೆ?"

"ಮಾತಾಡ್ಬೇಡ, ಗುಳ್ಳೆ ಓಡುತ್ತೆ."

ಸುದ್ದಿ ವಾರ್ಡಿನ ಆಚೆಗೂ ಹಬ್ಬಿತು. ಪಕ್ಕದ ಮಂಚದವರ ನೆಂಟರು, ಕಸ ಗುಡಿಸುವಾಕೆ, ಕೆಳಗಿನ ಔಷಧಿ ಅಂಗಡಿಯವನು, ಒಬ್ಬೊಬ್ಬರೇ ಬಂದು ಹಣೆಯ ಮೇಲಿನ ರಸಮಟ್ಟ ನೋಡಿ ಹೋದರು. "ಗುಳ್ಳೆ ನಡುವಲ್ಲೇ ಇದೆಯಾ?" ಎಂದು ನರ್ಸುಗಳು ಹಾದುಹೋಗುವಾಗಲೆಲ್ಲ ಕೇಳುತ್ತಿದ್ದರು. "ಒಂದು ನೂಲೂ ಅಲ್ಲಾಡಿಲ್ಲ" ಎಂದು ಪಂಪಣ್ಣ ಗಂಭೀರವಾಗಿ ಉತ್ತರಿಸುತ್ತಿದ್ದ. ಹೆಂಡತಿಗೆ ನಗು ಒತ್ತಿಕೊಂಡು ಬರುತ್ತಿತ್ತು. ನಕ್ಕರೆ ಹಣೆ ಕುಣಿಯುತ್ತಿತ್ತು, ಹಣೆ ಕುಣಿದರೆ ಗುಳ್ಳೆ ಓಡುತ್ತಿತ್ತು, ಗುಳ್ಳೆ ಓಡಿದರೆ ಗಂಡ ಹೌಹಾರುತ್ತಿದ್ದ, ಅದಕ್ಕೆ ಅವಳಿಗೆ ಇನ್ನೂ ನಗು. ಡಾಕ್ಟರು ಬಂದು ನೋಡಿ, "ಇಷ್ಟೊಂದು ಸಮವಾಗಿ ಮಲಗಿದವರನ್ನ ನಾನು ಕಂಡೇ ಇಲ್ಲ" ಎಂದರು.

ಅಂಚು ಕೂತುಕೊಂಡಿತು. ಆದರೂ ಮನೆಗೆ ಕಳಿಸುವಾಗ ಡಾಕ್ಟರು, ಪದರ ನಿಂತಿದೆ, ಪಂಪುಗಳು ಪೂರ್ತಿ ಕೆಲಸಕ್ಕೆ ಬಂದವೋ ಇಲ್ಲವೋ ಎಂದು ಈಗಲೇ ಹೇಳಲಾಗದು, ಬೆಳಗಿನ ಮಂಜು ಹೋದರೆ ಗೆದ್ದಂತೆ ಎಂದರು. ಒಂದು ವಾರ ಹೋಯಿತು, ಮತ್ತೊಂದು ಹೋಯಿತು. ಗಾಳಿ ಕರಗಿ ಮಾಯವಾಯಿತು. ಬೆಳಗ್ಗೆ ಎದ್ದಾಗ ಪಂಪಣ್ಣ ಹೆಂಡತಿಯನ್ನು ಏನೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಇವತ್ತು ನಿನ್ನೆಗಿಂತ ವಾಸಿ ಎನಿಸಿದರೂ ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಭಯ. ಕೇಳಲು ಅವನಿಗೆ ಇನ್ನೂ ಭಯ.

ಈ ನಡುವೆ ಬಟ್ಟೆ ಒಗೆಯುವ ಅಂಗಡಿಯವನ ಮೋಟರು ಸುಟ್ಟು, ಅವನ ಗಿರಾಕಿಗಳ ಬಟ್ಟೆಯೆಲ್ಲ ಸೋಪಿನ ನೀರಿನಲ್ಲೇ ಕೂತಿತ್ತು. ಅವನ ಗೋಳು ನೋಡಲಾರದೆ ಪಂಪಣ್ಣ ಮೊಟ್ಟಮೊದಲ ಬಾರಿಗೆ ತಾನೇ ತಂತಿ ಸುತ್ತಲು ಕೂತ. ಎರಡು ದಿನ ಬೆವರು ಸುರಿಸಿ, ನಾಲಿಗೆ ಕಚ್ಚಿಕೊಂಡು ಸುತ್ತಿದ. ಮುಗಿದ ಮೇಲೆ ಅವನಿಗೇ ಅದರ ಮೇಲೆ ಮೋಹ ಹುಟ್ಟಿತು. ಬೆಳಗ್ಗೆ ಅಂಗಡಿ ತೆರೆದು ಮೋಟರನ್ನು ಬಾಗಿಲಿನ ಎದುರಿಗೇ, ಬಿಸಿಲು ಬೀಳುವಲ್ಲಿ ಮೇಜಿನ ಮೇಲಿಟ್ಟು, ಬಟ್ಟೆ ಒಗೆಯುವ ಅಂಗಡಿಯವನಿಗೆ ಹೇಳಿಕಳಿಸಿ ಕಾಯುತ್ತಿದ್ದ. ಹೆಂಡತಿ ಬೀದಿಯ ಕಡೆಯಿಂದ ಬಂದು ಹೊಸ್ತಿಲ ಹೊರಗೇ ನಿಂತಳು.

"ಇದ್ಯಾರು ಸುತ್ತಿದ್ದು?" ಎಂದಳು.

"ನಾನೇ. ಹೇಗಿದೆ?"

"ಥೂ. ಬಿಚ್ಚಿ ಅದನ್ನ. ಎಡಗಡೆ ಸುರುಳಿ ನೋಡಿ, ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿ ಕೂತಿದೆ."

ಪಂಪಣ್ಣ ಬಾಗಿ ನೋಡಿದ. ಹೌದು, ಹತ್ತಿ ಕೂತಿತ್ತು. ಕೆಂಪೇರಿದ ಮುಖವನ್ನು ಎತ್ತುವ ಹೊತ್ತಿಗೆ ಅವನಿಗೆ ತಟ್ಟನೆ ಹೊಳೆಯಿತು. ಬೀದಿಯಲ್ಲಿ ಇನ್ನೂ ಪೂರ್ತಿ ಬಿಸಿಲು ಬಿದ್ದಿಲ್ಲ. ಪಕ್ಕದ ಅಂಗಡಿಯ ಬಾಗಿಲು ತೆರೆದಿಲ್ಲ. ಅವಳ ಎಡಗಣ್ಣು ಅಂಗೈ ಕೆಳಗೆ ಮುಚ್ಚಿತ್ತು, ನೋಡುತ್ತಿದ್ದದ್ದು ಬಲಗಣ್ಣೊಂದೇ.

"ಎರಡು ಹೆಜ್ಜೆ ಹಿಂದೆ ಹೋಗು" ಎಂದ.

"ಯಾಕೆ?"

"ಹೋಗೇ, ಹೋಗಿ ಇನ್ನೂ ಏನೇನು ತಪ್ಪಿದೆ ಹೇಳು."

ಅವಳು ಹಿಂದೆ ಸರಿದಳು. "ಕಟ್ಟು ದಾರ ಸಡಿಲ. ಮೇಲುಗಡೆ ಗಂಟೇ ಬಿದ್ದಿಲ್ಲ."

"ಇನ್ನೂ ಹಿಂದೆ!"

"ತಂತಿ ತುದಿಗೆ ಕೆಂಪು ಕೊಳವೆ ಹಾಕೋ ಕಡೆ ಹಳದಿ ಹಾಕಿದೀರಾ!" ಅವಳು ಈಗ ಬೀದಿಯ ನಡುವಿದ್ದಳು. ಸೈಕಲ್ಲಿನವನೊಬ್ಬ ಬಳಸಿಕೊಂಡು ಹೋದ. ಬಟ್ಟೆ ಒಗೆಯುವ ಅಂಗಡಿಯವನು ಬಂದು, ತನ್ನ ಮೋಟರಿನ ಮಾನ ಬೀದಿಯಲ್ಲಿ ಹರಾಜಾಗುತ್ತಿರುವುದನ್ನು ಬಾಯಿ ತೆರೆದು ನೋಡುತ್ತ ನಿಂತ. ನೀರು ಹಿಡಿಯಲು ಬಂದ ಹೆಂಗಸರು ಬಿಂದಿಗೆ ಕೆಳಗಿಟ್ಟರು. ಪಂಪಣ್ಣನ ಕೆನ್ನೆಯ ಮೇಲೆ ನೀರು ಧಾರಾಳವಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

"ಇನ್ನೂ ಹಿಂದೆ ಹೋಗು! ಬೈ, ಇನ್ನೂ ಬೈ! ಇನ್ನೂ ಹಿಂದೆ!"

"ಎಲ್ಲಿಗೆ ಹೋಗ್ಲಿ ರೀ?" ಎಂದು ಅವಳು ನಗುತ್ತಾ ಕೂಗಿದಳು. "ಎದುರು ಮನೆ ಗೋಡೆ ಬೆನ್ನಿಗೆ ತಾಗ್ತಿದೆ. ಇಲ್ಲಿಂದಲೂ ಕಾಣ್ತಿದೆ!"